ಪಿಳ್ಳಮ್ಮನ ಚರಕ

ಶಿಡ್ಲಘಟ್ಟ,
ಫೆಬ್ರವರಿ ೩೦, ೨೨೯೧

ನಮಗಿಂತ ಮೊದಲು ಬಾಳುತ್ತಿರುವವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡೆವು. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳು. ಮಾತು ಎಲ್ಲಾದರೂ ಒರಟಾಗಿ ಕೇಳಿಸಿದರೆ ಕ್ಷಮಿಸಿ.

ನನ್ನ ಕೆಲಸ ಇಲ್ಲಿನ ಸ್ಪರ್ಶಶಾಲೆಯಲ್ಲಿ. ಹಳೆಯ ವಸ್ತುಗಳ ಮೇಲೆ ಉಳಿದಿರುವ ಬೆರಳಿನ ಗೆರೆಗಳನ್ನು ಓದಿ, ನಿಮ್ಮ ಸರ್ಕಾರಗಳು ಕೂಡಿಟ್ಟ ಬೆರಳಚ್ಚುಗಳ ಜೊತೆ ಹೋಲಿಸಿ, ಅವುಗಳ ಮೇಲೆ ದುಡಿದವರು ಯಾರೆಂದು ಹೇಳುತ್ತೇವೆ. ವರ್ಷಕ್ಕೊಮ್ಮೆ ಊರಿನವರೆಲ್ಲ ಸೇರುತ್ತಾರೆ. ನಾವು ಹೆಸರು ಕೂಗುತ್ತೇವೆ, ಜನ ಗೌರವದಿಂದ ಎದ್ದು ನಿಲ್ಲುತ್ತಾರೆ. ಇದನ್ನು ಶುರು ಮಾಡಿದವರು ಹೆಂಗಸರೇ. ಹೆಂಗಸರ ದುಡಿಮೆಗೆ ಅಂಟಿಕೊಂಡಿದ್ದ ಗಂಡಸರ ಹೆಸರುಗಳನ್ನು ಕೀಳಲೆಂದೇ, ಬೆರಳಿನ ಸಾಕ್ಷಿಯಿಲ್ಲದೆ ಯಾರ ಹೆಸರನ್ನೂ ಕೂಗಬಾರದೆಂಬ ನಿಯಮ ಬಂತು. ಅದು ನ್ಯಾಯವೆಂದು ಈಗಲೂ ಅನ್ನಿಸುತ್ತದೆ. ನನ್ನ ಕಷ್ಟವೂ ಅದೇ.

ನಾಳೆಯ ಸರದಿ ರೇಷ್ಮೆ ನೂಲು ತೆಗೆಯುವ ಒಂದು ಚರಕದ್ದು. ಅದರ ಮುಂದೆ ಕೂತು ಆಯುಷ್ಯ ಸವೆಸಿದವಳು ನಮ್ಮ ವಂಶದ ಹಿರಿಯಜ್ಜಿ ಪಿಳ್ಳಮ್ಮ, ನಿಮ್ಮ ಕಾಲದವಳು. ಆ ಮರದ ಮೇಲೆ ಬಡಗಿಯ ಬೆರಳಿದೆ, ಮಾಲೀಕನದಿದೆ, ನೂಲು ನೋಡಲು ಬರುತ್ತಿದ್ದ ದಲ್ಲಾಳಿಯದೂ ಇದೆ. ಪಿಳ್ಳಮ್ಮನದಿಲ್ಲ. ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರವೂ ಅವಳನ್ನು ಗುರುತಿಸದೆ ವಾಪಸ್ಸು ಕಳಿಸುತ್ತಿತ್ತಂತೆ. ಇದು ನಮ್ಮ ಮನೆಯ ಮಾತು. ಮನೆಯ ಮಾತು ಸಾಕ್ಷಿಯಲ್ಲ.

ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವಳದು ಕೊನೆಗಾಲ. ಪಿಳ್ಳಮ್ಮನ ಹೆಸರನ್ನು ಒಮ್ಮೆ ಕೇಳಿಸಿಕೊಳ್ಳಲೆಂದೇ ನಾಳೆ ಬರುವವಳು.

"ಅಂಗಾದ್ರೆ ನೂಲು ತಾನಾಗೇ ಸುತ್ಕೊಂತೇನಮ್ಮ?" ಎಂದಳು.

ನಾನು ನಿಯಮದ ಮಾತೆತ್ತಿದೆ.

"ಇರ್ಲಿ ಬಿಡು. ಮಂಡಿ ನೋವಿದ್ರೂ ಆ ದಲ್ಲಾಳಿಗೇ ಎದ್ದು ನಿಂತ್ಕೊಂತೀನಿ."

ನಿಯಮದಲ್ಲಿ ಒಂದು ದಾರಿಯಿದೆ. ಮನೆಯವರಲ್ಲದ ಯಾರಾದರೂ, ಪಿಳ್ಳಮ್ಮ ಬದುಕಿದ್ದಾಗಲೇ, ಅವಳು ಕೆಲಸ ಮಾಡುವುದನ್ನು ಕಂಡೆನೆಂದು ಬರೆದಿಟ್ಟಿದ್ದರೆ ಒಪ್ಪಬಹುದು. ಒಂದು ಸಾಲು ಸಾಕು. ನೀವಿನ್ನೂ ಅವಳಿರುವ ಕಾಲದಲ್ಲೇ ಇದ್ದೀರಿ. ದಯವಿಟ್ಟು ಶಿಡ್ಲಘಟ್ಟಕ್ಕೆ ಹೋಗಿ ನೋಡಿ, ಹೆಸರು ಕೇಳಿ, ಬರೆದಿಡಿ.

ನೀವು ಬರೆದಿದ್ದರೆ ಅದು ಈಗಾಗಲೇ ನಮ್ಮ ಬಳಿ ಇರಬೇಕಿತ್ತು. ಅಷ್ಟು ನನಗೂ ಗೊತ್ತು. ಹುಡುಕಬಹುದಾದ ಕಡೆಯಲ್ಲೆಲ್ಲ ಹುಡುಕಿದ್ದೇನೆ, ಸಿಕ್ಕಿಲ್ಲ. ಆದರೂ ನಾಳೆ ವೇದಿಕೆ ಹತ್ತುವವರೆಗೆ ಕಾಯುತ್ತೇನೆ.

ಮುನಿಲಕ್ಷ್ಮಿ