ನೆಲಬೇವಿಗೆ ಹೊದಿಸಿದ ಸೀರೆ

ಏಪ್ರಿಲ್ ೯, ಬುಧವಾರ. ದೊಡ್ಡಬಳ್ಳಾಪುರ

ಒಂದೂವರೆ ತಿಂಗಳ ಕೆಲಸ ಮಣ್ಣುಪಾಲಾಯಿತು. ನೇರಳಾತೀತ ದೀಪದ ಕೆಳಗೆ ಬೆಳೆಸಿದ ನೆಲಬೇವಿಗೂ ಹೊರಗಿನದಕ್ಕೂ ಕಹಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲವೆಂದು ಲ್ಯಾಬ್ ವರದಿ ಬಂದಿದೆ. ಆ ಬೆಳಕು ತಾಗಿದರೆ ಗಿಡ ತನ್ನನ್ನು ಕಾಪಾಡಿಕೊಳ್ಳಲು ಔಷಧದ ಸತ್ವವಾದ ಆ ಕಹಿಯನ್ನು ಹೆಚ್ಚಿಸಿಕೊಳ್ಳಬೇಕು. ನನ್ನ ಪಿಎಚ್.ಡಿ. ನಿಂತಿರುವುದೇ ಅದರ ಮೇಲೆ.

ಗಿಡ ನೋಡಿಕೊಳ್ಳುವ ಸೊಣ್ಣಮ್ಮಕ್ಕನನ್ನು ಕೇಳಿದೆ.

"ಎಲೆ ಮುದುಡ್ಕೊಂಡು ಸಂಕಟ ಪಡ್ತಿದ್ವು ಕಣಮ್ಮ. ನೀನು ಅತ್ಲಾಗೆ ಹೋಗ್ತಿದ್ದಂಗೇ ಹಳೇ ಸೀರೆ ಹೊದಿಸ್ಬಿಡ್ತಿದ್ದೆ," ಅಂದರು.

ದಿನಾ ಅಂತೆ! ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ದೀಪ ಉರಿಯೋವಾಗ ಒಳಗೆ ಹೋಗ್ಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ?" ಎಂದು ಕಿರುಚಿದೆ. ಅವರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಹಿಡಿದು ನೋಡಿದರೆ ಮೊಣಕೈವರೆಗೂ ಕೆಂಪಾಗಿ, ಅಲ್ಲಲ್ಲಿ ಚರ್ಮ ಸುಲಿದಿತ್ತು.

ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಮುಲಾಮು ಬರೆಯುತ್ತಾ, "ಎಷ್ಟು ದಿನದಿಂದ ಹೀಗಿದೆ?" ಎಂದು ನನ್ನನ್ನೇ ಕೇಳಿದರು.

ಥೂ, ನನಗೆ ಗೊತ್ತಿರಲಿಲ್ಲ. ಒಂದೊಂದು ಎಲೆಯ ಬಣ್ಣವನ್ನೂ ದಿನಾಂಕ ಹಾಕಿ ಬರೆದಿಟ್ಟಿದ್ದೇನೆ. ದಿನಾ ಬೆಳಿಗ್ಗೆ ನನ್ನ ಕೈಗೆ ಕಾಫಿ ಲೋಟ ಕೊಡುತ್ತಿದ್ದುದು ಅದೇ ಕೈ.