ಬಾನೆಟ್ಟಿನ ಆರು ಸೀಳು

ಕಡೂರು, ಶುಕ್ರವಾರ

ಪ್ರಕಾಶಣ್ಣನಿಗೆ ಮೆಕ್ಯಾನಿಕ್ ಅಜ್ಮತ್ ಮಾಡುವ ನಮಸ್ಕಾರ.

ನಾನು ಊರಲ್ಲಿಲ್ಲದಾಗ ನಿಮ್ಮ ರ‍್ಯಾಲಿ ಕಾರಿನ ಬಾನೆಟ್ಟಿಗೆ ಆರು ಸೀಳು ಕೊರೆಸಿದಿರಿ; ಅದೂ ಕೊಬ್ಬರಿ ಗೂಡಿಗೆ ಹೊಗೆಕಿಂಡಿ ಮಾಡುವ ಅಂಜಿನಪ್ಪನ ಕೈಲಿ, ಮುಂದಿನ ಗಾಜಿನ ಬುಡದಲ್ಲೇ! "ಬಿಸಿ ಹೆಂಗೆ ಹೊರಗೆ ಬತ್ತೈತೆ ನೋಡ್ಲೇ ಅಜ್ಮತ್" ಎಂದು ಹಿಗ್ಗಿದಿರಿ. ನಿಂತ ಗಾಡಿಯಲ್ಲಿ ಬರುತ್ತದೆ, ಒಪ್ಪಿದೆ. ಓಡುವಾಗ ಗಾಳಿ ಯಾವ ಕಡೆ ಹೋಗುತ್ತದೆಂದು ನೋಡಲು ಇವತ್ತು ಸೀಳುಗಳಿಗೆ ದಾರದ ತುಂಡು ಅಂಟಿಸಿ ತರೀಕೆರೆ ರಸ್ತೆಯಲ್ಲಿ ಎಂಬತ್ತರಲ್ಲಿ ಓಡಿಸಿದೆ. ಗಾಜಿಗೆ ಬಡಿದ ಗಾಳಿ ದಾರಗಳನ್ನೂ ಎಳೆದುಕೊಂಡು ಒಳಕ್ಕೇ ನುಗ್ಗಿತು, ಒಳಗಿನ ಬಿಸಿ ಹೊರಬರಲಾಗದೆ ಇಂಜಿನ್ ಕುದಿಯಿತು. ಸೀಳು ಇರಬೇಕಾದದ್ದು ಮುಂದೆ, ರೇಡಿಯೇಟರಿನ ಬೆನ್ನಿಗೆ.

ನಾಲ್ಕು ತಿಂಗಳು ಕೂತು ಕಟ್ಟಿದ ಇಂಜಿನ್ನನ್ನು ಭಾನುವಾರದ ರ‍್ಯಾಲಿಯಲ್ಲಿ ಸುಡಲು ಬಿಡಲಾರೆ. ಕೀ ನನ್ನ ಜೇಬಿನಲ್ಲಿದೆ. ಬೈಯುವುದಿದ್ದರೆ ಗ್ಯಾರೇಜಿಗೇ ಬಂದು ಬೈಯಿರಿ. ಬರುವಾಗ ಸೀಳಿಲ್ಲದ ಬಾನೆಟ್ ಒಂದನ್ನು ತನ್ನಿ.

ಸಿಟ್ಟಿನಿಂದ, ಆದರೂ ನಿಮ್ಮವನೇ,
ಅಜ್ಮತ್