ಅಡ್ಡ ಬಾಯಿ ಹಾಕಿದ್ದಕ್ಕೆ ಕಾರಣ

ಮಾನ್ಯ ಪ್ರಾಂಶುಪಾಲರಿಗೆ, ಮೂರನೇ ವರ್ಷದ ವೈದ್ಯಕೀಯ ವಿದ್ಯಾರ್ಥಿನಿಯ ನಮಸ್ಕಾರಗಳು.

ಮಿದುಳಿನ ಶಸ್ತ್ರಚಿಕಿತ್ಸೆಯ ಬಗ್ಗೆ ಉಪನ್ಯಾಸ ಕೊಡಲು ಬಂದಿದ್ದ ಅತಿಥಿ ವೈದ್ಯರ ಮಾತಿಗೆ ಅಡ್ಡ ಬಾಯಿ ಹಾಕಿದೆನೆಂದು ತಾವು ಕ್ಷಮಾಪಣಾ ಪತ್ರ ಕೇಳಿದ್ದೀರಿ. ಅದನ್ನು ಬರೆಯಲಾರೆ. ಕಾರಣ ಮಾತ್ರ ತಿಳಿಸುತ್ತೇನೆ.

ಅವರು ಪರದೆಯ ಮೇಲೆ ತೋರಿಸಿದ ಬೋಳು ತಲೆ ನನ್ನ ಅಪ್ಪನದು. ಮುಖ ಮರೆಮಾಡಿದ್ದರೂ ಎಡಗಿವಿಯ ಮೇಲಿನ ಆ ಹೊಲಿಗೆಗೆ ಮೂರು ವಾರ ಔಷಧಿ ಹಚ್ಚಿದವಳು ನಾನು. ನನಗೆ ಗುರುತು ಸಿಗದೆ ಇರುತ್ತದೆಯೇ?

"ಈ ದರ್ಜಿ ಪೂರ್ತಿ ಗುಣವಾಗಿ ಕೆಲಸಕ್ಕೆ ಮರಳಿದ್ದಾರೆ," ಎಂದರು ಅವರು. ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತೆ.

"ಇಲ್ಲ ಸರ್. ಅಪ್ಪ ಬದುಕಿರೋದು ನಿಮ್ಮಿಂದಾನೇ, ಅದನ್ನ ಮರೆಯಲ್ಲ. ಆದ್ರೆ ಕತ್ತರಿ ಕೈಯಲ್ಲಿದ್ರೂ ಅದಕ್ಕೇನಂತಾರೆ ಅಂತ ಅವರಿಗೆ ಗೊತ್ತಾಗಲ್ಲ. ಅಂಗಡಿ ಮುಚ್ಚಿ ಎರಡು ವರ್ಷ ಆಯ್ತು. ನನ್ನ ಹೆಸರೂ ಬರಲ್ಲ."

ಅತಿಥಿಗಳಿಗೆ ಸಿಟ್ಟು ಬರಲಿಲ್ಲ. ಕನ್ನಡಕ ತೆಗೆದು, "ಆಸ್ಪತ್ರೆಯಿಂದ ಕಳಿಸಿದ ಮೇಲೆ ನಾನು ವಿಚಾರಿಸಲೇ ಇಲ್ಲಮ್ಮ," ಎಂದರು. ಆಗ ಮೈಕ್ ಬಂದ್ ಮಾಡಿ ಕಾರ್ಯಕ್ರಮ ಮುಗಿಸಿದವರು ತಾವು.

ಕ್ಷಮಾಪಣೆ ಬರೆಯದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದೀರಿ. ಕೂರಿಸಬೇಡಿ. ಸುಳ್ಳನ್ನು ಪಾಠವೆಂದು ಬರೆದುಕೊಂಡು ಪಾಸಾಗುವುದು ನನ್ನಿಂದಾಗದು.

ನನ್ನದೊಂದು ಕೋರಿಕೆಯಿದೆ. ಸೋಮವಾರ ಅದೇ ಸಭಾಂಗಣವನ್ನು ಅರ್ಧ ಗಂಟೆ ಕೊಡಿ. ಗುಣವಾಗುವುದು ಎಂದರೇನು ಎಂದು ಅಪ್ಪನೇ ಹೇಳಲಿ. ಅವರನ್ನು ಕೇಳಿದ್ದೇನೆ. ತುಂಬ ಹೊತ್ತು ತಡಕಾಡಿ, "ಬರ್ತೀನಿ," ಎಂದರು.

ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿರಿ: ಅವರು ಮಾತಿಗಾಗಿ ಹುಡುಕುವಾಗ ಯಾರೂ ಹೇಳಿಕೊಡಬಾರದು. ಎಷ್ಟು ಹೊತ್ತಾದರೂ ಸರಿ, ಕಾಯಬೇಕು.

ಇಂತಿ,
ದರ್ಜಿಯ ಮಗಳು